ಎಂಟು ಹೆಜ್ಜೆಯ ಓಟ

ದೀಪಾವಳಿ ಕಳೆದು ಘಟಪ್ರಭೆಯ ನೀರು ಇಳಿಯತೊಡಗಿತೆಂದರೆ ಆಗಿನ ಗೋಕಾಕದ ಹುಡುಗರಿಗೆ ಮನೆಯ ನೆನಪಿರುತ್ತಿರಲಿಲ್ಲ. ದಂಡೆಯ ಗುಂಟ ಮರಳು ಮೇಲೆದ್ದು ಬರುತ್ತಿತ್ತು. ಮುಂಜಾನೆ ಅದು ತಣ್ಣಗೆ, ಗಟ್ಟಿಯಾಗಿ ಇರುತ್ತಿತ್ತು; ಬರಿಗಾಲಲ್ಲಿ ಓಡಿದರೆ ಐದೂ ಬೆರಳು ಬೇರೆ ಬೇರೆ ಮೂಡುತ್ತಿದ್ದವು. ಒಂದು ಕಡೆ ಹುತುತು, ಒಂದು ಕಡೆ ಚಿಣಿಫಣಿ ಆಟ, ನೀರಿನ ಅಂಚಿಗೆ ಎಮ್ಮೆ ಮೈತೊಳೆಯುವವರ ಬೈಗಳು. ಕಬ್ಬಿನ ಗಾಣ ಹೂಡುವ ಕಾಲವೂ ಅದೇ. ಗಾಳಿ ಕಲ್ಲೋಳಿಯ ಕಡೆಯಿಂದ ಬೀಸಿದರೆ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು ಎಂದು ನಾವೆಲ್ಲ ಆಣೆ ಮಾಡಿ ಹೇಳುತ್ತಿದ್ದೆವು. ಅಷ್ಟು ದೂರದಿಂದ ಬರುತ್ತಿತ್ತೋ, ಹೊಟ್ಟೆ ಹಸಿದಿರುತ್ತಿತ್ತೋ, ಈಗ ಹೇಳಲಾರೆ.

ನಾನು ಬರೆಯುತ್ತಿರುವುದು ಅಂಥ ಒಂದು ಚಳಿಗಾಲದ ಮಾತು. ನಾನು ಕನ್ನಡ ನಾಲ್ಕನೆಯ ಇಯತ್ತೆಯಲ್ಲಿದ್ದೆ, ನನ್ನ ಅಣ್ಣ ಈರಪ್ಪ ಹೈಸ್ಕೂಲಿನಲ್ಲಿದ್ದ. ಯಾವುದನ್ನು ಕಂಡರೂ ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ ನನಗೆ ಆಗಲೇ ಅಂಟಿತ್ತು. ಅವ್ವ ಬಡಿದ ರೊಟ್ಟಿಗಳನ್ನೂ ಎಣಿಸುತ್ತಿದ್ದೆ. ಅವ್ವ, "ಎಣಸಿದ್ರ ತಿಂದವರಿಗೆ ಮೈಗೆ ಹತ್ತೂದಿಲ್ಲೋ, ಏಳು" ಎಂದು ಲಟ್ಟಣಿಗೆ ತೋರಿಸುತ್ತಿದ್ದಳು. ಆ ಚಳಿಗಾಲದಲ್ಲಿ ನಾನು ಎಣಿಸಿದ್ದು ಅಣ್ಣನ ಹೆಜ್ಜೆಗಳನ್ನು.

ಅಪ್ಪನದು ಪೇಟೆಯಲ್ಲಿ ಕಾಳಿನ ವ್ಯಾಪಾರ. ಅಣ್ಣ ಅಭ್ಯಾಸದಲ್ಲಿ ಹಿಂದೆ. ಅಪ್ಪ ಅವನನ್ನು ಶಾಲೆ ಬಿಡಿಸಿ ಯಮಕನಮರಡಿಯಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕೂಡಿಸುವ ವಿಚಾರದಲ್ಲಿದ್ದ. ಅವ್ವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅಪ್ಪ ಅಣ್ಣನನ್ನು ಎದುರಿಗೆ ಕರೆದು ಹೇಳಿದ:

"ಆ ಸಾಲ್ಯಾಗ ಏನರೆ ಒಂದ ಮಾಡಿ ತೋರಸು. ಓದಿನ್ಯಾಗರೆ ಆಗ್ಲಿ, ಆಟದಾಗರೆ ಆಗ್ಲಿ. ಬೆಳಗಾವಿ ತನಕ ಆರಿಸಿ ಹೋದಿ ಅಂದ್ರ ಮ್ಯಾಟ್ರಿಕ್ ಆಗೂತನಕ ನಾ ಬಾಯಿ ತಗಿಯೂದಿಲ್ಲ. ಇಲ್ಲಂದ್ರ ಸಂಕ್ರಾಂತಿ ಮುಗದ ಮರದಿನ ಮಾವನ ಅಂಗಡಿ. ಒಪ್ಪೇನು?"

"ಒಪ್ಪು," ಎಂದ ಅಣ್ಣ.

ಅಣ್ಣನ ಕೈಯಲ್ಲಿ ಆಗುವಂಥದ್ದು ಒಂದೇ ಇತ್ತು: ಬಾಂಬೂ ಜಿಗಿತ. ಉದ್ದನೆಯ ಬಿದಿರಿನ ಕೋಲು ಹಿಡಿದು ಓಡಿಬಂದು, ಅದರ ತುದಿಯನ್ನು ಒಂದು ಕುಣಿಯಲ್ಲಿ ಊರಿ, ಆ ಕೋಲಿಗೆ ಜೋತುಬಿದ್ದು ಎರಡು ಕಂಬಗಳ ನಡುವಿನ ಅಡ್ಡಗೋಲನ್ನು ದಾಟುವ ಆಟ. ಗೋಕಾಕಕ್ಕೆ ಅದನ್ನು ತಂದವರು ಹೈಸ್ಕೂಲಿನ ಡ್ರಿಲ್ ಮಾಸ್ತರರಾದ ಜಮಾದಾರ ಮಾಸ್ತರರು. ಮೊದಲು ಫೌಜಿನಲ್ಲಿದ್ದವರು. ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಮೇದಾರರ ಓಣಿಗೆ ತಾವೇ ಹೋಗಿ, ಬಿದಿರನ್ನು ನೆಲಕ್ಕೆ ಬಡಿದು ಸಪ್ಪಳ ಕೇಳಿ, ಮೂರು ಕೋಲು ಆರಿಸಿ ತಂದಿದ್ದರು. ನದಿಯ ದಂಡೆಯಲ್ಲಿ ಕುಣಿ ತೋಡಿಸಿ ಹಲಗೆ ಹಾಕಿಸಿದರು. ಅದರ ಆಚೆ ಬೀಳುವಲ್ಲಿ ಮರಳನ್ನು ಸಡಿಲು ಮಾಡಿ, ಮೇಲೆ ಕಬ್ಬಿನ ಒಣಸೋಗೆಯ ರವದಿ ಹರವಿಸಿದರು.

ಮೊದಲ ದಿನ ಹುಡುಗರೆಲ್ಲ ಆದಷ್ಟು ಹಿಂದೆ ಹೋಗಿ ಓಡಿಬಂದರು. ದೂರದಿಂದ ಓಡಿಬಂದಷ್ಟೂ ಎತ್ತರ ಹಾರಬಹುದೆಂಬುದು ನಮಗೆ ಯಾರೂ ಹೇಳಿಕೊಡದೆಯೇ ಗೊತ್ತಿದ್ದ ಮಾತು. ಅಣ್ಣನೂ ಹಾಗೆಯೇ ಬಂದ. ಓಡುತ್ತ ಓಡುತ್ತ ಕೋಲಿನ ಮೂತಿ ಅತ್ತಿತ್ತ ಓಲಾಡಿ, ಕುಣಿ ತಪ್ಪಿ ಮರಳಿಗೆ ಚುಚ್ಚಿತು. ಅಣ್ಣ ಕೋಲಿನ ಮೇಲೆಯೇ ಹೊಟ್ಟೆ ಕೊಟ್ಟು ಬಿದ್ದ.

ಮಾಸ್ತರರು ನಗಲಿಲ್ಲ. "ಏನಲೇ ಈರ್ಯಾ, ನಾಳಿಗೆ ಕೊಣ್ಣೂರಿಂದ ಓಡಿ ಬರ್ತೀಯೇನು? ಬುತ್ತಿ ಕಟಗೊಂಡ ಬಾ."

"ಜೋರಾಗಿ ಬಂದ್ರ ಎತ್ತರ ಹೋಗಬೇಕಲ್ರಿ, ಮಾಸ್ತರ?"

"ಜೋರ ನಿನ್ನ ಕೈಯಾಗಿದ್ರ ಹೋಗತಿ, ಬೇಟಾ. ನೀನ ಜೋರಿನ ಕೈಯಾಗಿದ್ರ ದವಾಖಾನಿಗೆ ಹೋಗತಿ."

ಮರುದಿನದಿಂದ ಅವರು ಓಟವನ್ನೇ ಕಿತ್ತುಕೊಂಡರು. ಮೊದಲು ನಿಂತಲ್ಲಿಂದ ಕೋಲು ಊರಿ ಆಚೆ ಬೀಳುವುದು, ಅಷ್ಟೇ. ಆಮೇಲೆ ಎರಡು ಹೆಜ್ಜೆ. ಎರಡು ಹೆಜ್ಜೆಯಲ್ಲಿ ಕೈ, ಕಾಲು, ಕೋಲು ಮೂರೂ ಜಗಳವಾಡದೆ ಹೋದರೆ ನಾಲ್ಕು. ನಾಲ್ಕು ಹದವಾದರೆ ಆರು. ಹುಡುಗರು ಬೇಸತ್ತರು, ಅರ್ಧ ಜನ ಹುತುತುವಿಗೆ ಹೋದರು. ಅಣ್ಣ ಉಳಿದ. ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಎರಡೆರಡೇ ಯಾಕೆ ಏರಿಸುತ್ತಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಅಣ್ಣನ ಬಲಗೈ ಕೋಲಿನ ಮೇಲ್ಗಡೆ ಇರುತ್ತಿತ್ತು. ಹಾಗೆ ಹಿಡಿಯುವವನು ನೆಲ ಬಿಡುವಾಗ ಎಡಗಾಲೇ ಕೊನೆಯದಾಗಬೇಕು. ಆಗ ಮೈ ಕೋಲಿನ ಪಕ್ಕದಿಂದ ಸರಾಗವಾಗಿ ಮೇಲಕ್ಕೆ ತೂಗುತ್ತದೆ. ಬಲಗಾಲು ಬಂದರೆ ಮೈ ಕೋಲಿಗೆ ಅಡ್ಡ ಸಿಕ್ಕು ತಿರುಚಿ ಹೊರಗೆ ಎಸೆಯಲ್ಪಡುತ್ತದೆ. ಇನ್ನು ನಾವೆಲ್ಲ ಓಟ ಶುರುಮಾಡುತ್ತಿದ್ದದ್ದು ಬಲಗಾಲಿನಿಂದ. ಅದನ್ನು ಯಾರೂ ಕಲಿಸಿರಲಿಲ್ಲ. ಹೊಸಿಲು ದಾಟುವಾಗ, ಬಂಡಿ ಹತ್ತುವಾಗ, ಶಾಲೆಗೆ ಹೆಸರು ಹಚ್ಚಿದ ದಿನ, ಎಲ್ಲಕ್ಕೂ ಬಲಗಾಲು ಮುಂದೆ ಎಂದು ಬೆಳೆದವರು ನಾವು. ಮಾಸ್ತರರು ಅದನ್ನು ಬದಲಿಸಲು ಹೋಗಲಿಲ್ಲ. "ಬಲಗಾಲಿಂದ ಹೊಂಟ್ರ ಹೊಂಡ್ರಿ. ಎರಡು, ನಾಕು, ಆರು, ಎಂಟು. ಎಡಗಾಲ ತಾನಾಗೇ ಬರತೈತಿ," ಎಂದರು.

ಎಂಟು ಹೆಜ್ಜೆಗೆ ಅಣ್ಣ ಅರಳಿದ. ಅದನ್ನು ಬರೆಯಲು ನನಗೆ ಬೇರೆ ಮಾತು ಸಿಗುತ್ತಿಲ್ಲ. ಮಾಸ್ತರರು ಅವನನ್ನು ಕುಣಿಯ ಬಳಿ ನಿಲ್ಲಿಸಿ, ಕೋಲು ಊರಿಸಿ, ಬಲಗೈ ನೆತ್ತಿಯ ಮೇಲೆ ನೇರವಾಗುವಲ್ಲಿ ಎಡಗಾಲಿನ ಗೆರೆ ಎಳೆದರು. ಅಲ್ಲಿಂದ ಅವನನ್ನೇ ಹಿಂದುಮುಂದಾಗಿ ತಿರುಗಿಸಿ ಎಂಟು ಹೆಜ್ಜೆ ಓಡಿಸಿ, ಎಂಟನೆಯದು ಬಿದ್ದಲ್ಲಿ ಒಂದು ಬಿಳಿ ಕಲ್ಲು ಇಡುವ ಕೆಲಸ ನನ್ನದು. ಚಳಿ ಹೆಚ್ಚಿದ್ದ ದಿನ ಕಲ್ಲು ಒಂದು ಗೇಣು ಮುಂದೆ, ಮೈ ಕಾದ ಮೇಲೆ ಒಂದು ಗೇಣು ಹಿಂದೆ. ದಾಟಿದ್ದಕ್ಕೆ ಒಂದು ಗೀಟು, ಕೆಡವಿದ್ದಕ್ಕೆ ಒಂದು ಸೊನ್ನೆ ಎಂದು ನಾನು ಬರೆಯುತ್ತಿದ್ದೆ. ಡಿಸೆಂಬರ ಮುಗಿಯುವ ಹೊತ್ತಿಗೆ ಸೊನ್ನೆಗಳು ವಿರಳವಾಗಿದ್ದವು.

ಒಮ್ಮೆ ಆಸೆಯಾಗಿ ಹತ್ತು ಹೆಜ್ಜೆಗೆ ಹೋದ. ಕೊನೆಯ ಎರಡರಲ್ಲಿ ಕೋಲು ಅವನನ್ನು ಎಳೆದುಕೊಂಡು ಹೋಯಿತು. ಮಾಸ್ತರರು ಮಡಚದ ಕಾಲು ಚಾಚಿ ಕುಳಿತಲ್ಲಿಂದಲೇ ಕೂಗಿದರು:

"ಮುಂದಿನ ವರ್ಷಕ್ಕ ಹತ್ತು. ಕಾಲ ಇನ್ನಷ್ಟ ಬೆಳೀಲಿ. ಈ ವರ್ಷ ನಿಂದು ಎಂಟು. ಕೇಳಿಸ್ತೇನು?"

"ಹೂನ್ರಿ."

"ಲೇ ಬಸ್ಯಾ, ನೀ ಸಾಕ್ಷಿ," ಎಂದು ನನ್ನ ಕಡೆ ತಿರುಗಿದರು.

ಮನೆಗೆ ಹೋಗುವ ದಾರಿಯಲ್ಲಿ ಅಣ್ಣ ನನಗೆ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ದೊಡ್ಡ ಪಾಲು ಕೊಡುತ್ತಿದ್ದ. ತೂಕ ಏರಬಾರದಂತೆ. "ಮ್ಯಾಲ ಹೋದಾಗ ಹ್ಯಾಂಗ ಅನಸತೈತಿ, ಅಣ್ಣಾ?" ಎಂದು ಕೇಳಿದೆ ಒಂದು ದಿನ. ಅವನು ಬಾಯಲ್ಲಿದ್ದ ರೊಟ್ಟಿ ನುಂಗಿದ. "ಸಪ್ಪಳ ಇರೂದಿಲ್ಲೋ," ಎಂದ. "ಮಂದಿ ಒದರೂದು, ಹೊಳಿ ಸಪ್ಪಳ, ಎಲ್ಲಾ ಒಂದ ಕ್ಷಣ ನಿಂತಬಿಡತೈತಿ. ಆಮ್ಯಾಲೆ ಬೀಳತೀನಿ, ಮತ್ತ ಶುರು ಆಗತೈತಿ."

ಈ ಎರಡು ತಿಂಗಳಲ್ಲಿ ಅಪ್ಪ ಒಮ್ಮೆಯೂ ನದಿಯ ಕಡೆ ಬರಲಿಲ್ಲ. ಹೊಸ ಕಾಳು ಬರುವ ಕಾಲ, ಅಂಗಡಿ ಬಿಡುವಂತಿರಲಿಲ್ಲ.

ಆಟಗಳ ಸ್ಪರ್ಧೆ ಹುಕ್ಕೇರಿಯಲ್ಲಿ, ಸಂಕ್ರಾಂತಿಗೆ ಸ್ವಲ್ಪ ಮುಂಚೆ. ಸುತ್ತಲಿನ ತಾಲೂಕುಗಳ ಶಾಲೆಗಳೆಲ್ಲ ಬರುವುದು. ಒಂದೊಂದು ಆಟಕ್ಕೆ ಒಬ್ಬನನ್ನು ಆರಿಸಿ ಬೆಳಗಾವಿಗೆ ಕಳಿಸುವುದು. ಮಾಸ್ತರರು ಹಿಂದಿನ ದಿನವೇ ಹುಡುಗರನ್ನು ಎರಡು ಬಂಡಿಗಳಲ್ಲಿ ಕರೆದುಕೊಂಡು ಹೊರಟರು. ಕಲ್ಲು ಇಡುವವನೆಂದು ನನ್ನನ್ನೂ ಹತ್ತಿಸಿಕೊಂಡರು. ಬಿದಿರಿನ ಕೋಲು ಬಂಡಿಗಿಂತ ಉದ್ದ. ಹಿಂದೆ ಚಾಚಿದ ಅದರ ತುದಿಗೆ ಅವ್ವ ಕೆಂಪು ಅರಿವೆ ಕಟ್ಟಿದ್ದಳು. ಅಪ್ಪ ಅದಕ್ಕೂ ಮೊದಲೇ ಯಮಕನಮರಡಿಗೆ ಹೋಗಿದ್ದ. ಯಾಕೆ ಹೋಗಿದ್ದನೆಂದು ಅಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಬಯಲಿನ ತುಂಬ ಜನ. ಒಂದು ಮೂಲೆಯಲ್ಲಿ ಬಿಸಿ ಚುರುಮರಿ, ಭಜಿಯ ವಾಸನೆ. ನೆಲ ನಮ್ಮ ಮರಳಿನಂತಲ್ಲ, ಒಡ್ಡೊಡ್ಡಾದ ಗಟ್ಟಿ ಮಣ್ಣು. ಬೀಳುವ ಕುಣಿಯಲ್ಲಿ ಮಾತ್ರ ಮರಳು. ಬೇರೆ ಶಾಲೆಗಳ ಹುಡುಗರು ಬಹಳ ಹಿಂದಿನಿಂದ ಓಡಿಬಂದರು. ಅಣ್ಣ ಎಂಟು ಹೆಜ್ಜೆಗೆ ಕಲ್ಲು ಇಡಿಸಿದಾಗ ಹಗ್ಗದ ಆಚೆ ನಿಂತವರು ನಕ್ಕರು. "ಅಂಗಳದಾಗಿನ ಓಟ ಬಂತ ನೋಡ್ರೋ," ಎಂದನೊಬ್ಬ. ಅಣ್ಣ ದಾಟಿದ. ಎತ್ತರ ಏರಿಸಿದರು. ದೂರದಿಂದ ಓಡಿಬಂದವರು ಒಬ್ಬೊಬ್ಬರಾಗಿ ಅಡ್ಡಗೋಲಿಗೆ ಎದೆ ಕೊಟ್ಟು ಹೊರಬಿದ್ದರು. ಅಣ್ಣ ಮತ್ತೆ ದಾಟಿದ, ಮತ್ತೆ ದಾಟಿದ. ನಕ್ಕವನೇ, "ಮಗಾ, ಹುಡುಗ ಸಣ್ಣಾಂವಿದ್ರೂ ಹದಾ ಐತಿ," ಎಂದ. ಕಡೆಗೆ ಉಳಿದವರು ಇಬ್ಬರು, ಅಣ್ಣ ಮತ್ತು ಒಬ್ಬ ಎತ್ತರದ ಹುಡುಗ. ಆ ಹುಡುಗ ಮೂರೂ ಸಲ ಕೆಡವಿದ. ಅಣ್ಣ ಅದನ್ನು ದಾಟಿದರೆ ಬೆಳಗಾವಿ. ನದಿಯ ದಂಡೆಯಲ್ಲಿ ಅವನು ಎಷ್ಟೋ ಮುಂಜಾನೆ ದಾಟಿದ್ದ ಎತ್ತರವೇ ಅದು.

ಆಗ ಹಗ್ಗದ ಕೆಳಗೆ ನುಸುಳಿ ಅಪ್ಪ ಒಳಗೆ ಬಂದ. ಯಮಕನಮರಡಿಯಿಂದ ಬಂದವನು, ದೋತರದ ಅಂಚಿಗೆಲ್ಲ ಕೆಂಪು ಧೂಳು. ಜಮಾದಾರ ಮಾಸ್ತರರನ್ನು ಆ ಹೊತ್ತಿಗೆ ಬಯಲಿನ ಆ ತುದಿಗೆ, ಗುಂಡೆಸೆತಕ್ಕೆ ತೀರ್ಪು ಹೇಳುವ ಪಂಚರೆಂದು ಕರೆದೊಯ್ದಿದ್ದರು.

"ಮುಗೀತೇನೋ?" ಎಂದ ಅಪ್ಪ.

"ಇಲ್ಲಪಾ. ಇದ ಕಡೀದು. ದಾಟಿದ್ರ ಆತು."

ಅಪ್ಪ ಅಣ್ಣನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಅಂಗಿಯ ಕಿಸೆಯಿಂದ ವಿಭೂತಿಯ ಗಟ್ಟಿ ತೆಗೆದು ಅಣ್ಣನ ಹಣೆಗೆ ಹಚ್ಚಿದ. "ಮಾವಗ ಹೇಳಿ ಬಂದೇನಿ," ಎಂದ. "ಹುಡುಗ ಆರಿಸಿ ಹೋದ್ರ ಬರೂದಿಲ್ಲ, ಬ್ಯಾರೇದಾರನ್ನ ನೋಡಿಕೋ ಅಂತ." ಅಣ್ಣ ಮುಖ ಎತ್ತಲಿಲ್ಲ. ಅವನ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು.

"ಎಷ್ಟ ಹೆಜ್ಜಿ ಓಡತಿ?"

"ಎಂಟು."

ಅಪ್ಪನ ಮುಖ ಸಣ್ಣದಾಯಿತು. "ಎಂಟ್ಯಾಕೋ? ಸಮ ಅಂಕಿ ಅದು. ಮದುವಿ ಮುಯ್ಯಿ ಸೈತ ನಾವು ಸಮ ಮಾಡೂದಿಲ್ಲ. ಒಂಬತ್ತ ಓಡು."

"ಎಂಟಕ್ಕ ರೂಢಿ ಬಿದ್ದೇತಿ, ಅಪ್ಪಾ."

"ಒಂದ ಹೆಜ್ಜಿ ಹೆಚ್ಚಿಗಿ ಓಡಿದ್ರ ಕಾಲ ಸವೀತಾವೇನು? ಬಲಗಾಲ ಮುಂದಿಡು, ಒಂಬತ್ತ ಓಡು. ನಾ ಇಲ್ಲೇ ನಿಂತ ಎಣಸತೀನಿ."

"ಒಂಬತ್ತಾದ್ರ ಕಾಲ ಅದಲಿ ಬದಲಿ ಆಗತಾವ, ಅಪ್ಪಾ," ಎಂದೆ ನಾನು. "ಎಡಗಾಲ ಬರಬೇಕ..."

"ನಿನ್ನ ಯಾರ ಕೇಳಿದ್ರು? ಶುಭ ಕೆಲಸಕ್ಕ ಹೊಂಟಾಗ ಅಡ್ಡ ಬಾಯಿ ಹಾಕಬ್ಯಾಡ."

"ಸುಮ್ಮನಿರು, ಬಸ್ಯಾ," ಎಂದ ಅಣ್ಣ. ಬಿಳಿ ಕಲ್ಲನ್ನು ತಾನೇ ಎತ್ತಿ ಒಂದು ಹೆಜ್ಜೆ ಹಿಂದೆ ಇಟ್ಟ. ನನಗೆ ಧೈರ್ಯ ಬಂತು. ಅಪ್ಪನ ಕಣ್ಣಿಗೆಂದು ಕಲ್ಲು ಸರಿಸಿದ್ದಾನೆ, ನಡುವೆ ಎಲ್ಲಾದರೂ ಉದ್ದ ಹಾಕಿ ಎಂಟಕ್ಕೇ ಮುಗಿಸುತ್ತಾನೆ ಎಂದುಕೊಂಡೆ.

ಅಣ್ಣ ಕೋಲು ಎತ್ತಿದ, ಬಲಗಾಲು ಮುಂದಿಟ್ಟ. ಹಿಂದಿನಿಂದ ಅಪ್ಪ ಎಣಿಸತೊಡಗಿದ. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುವುದು ಅಂಗಡಿಯವರ ರೂಢಿ. ಅದೇ ದನಿಯಲ್ಲಿ, ಬಯಲಿಗೆಲ್ಲ ಕೇಳುವಂತೆ, ಎಣಿಸಿದ: "ಲಾಭ, ಎರಡು, ಮೂರು, ನಾಕು..."

ಎಂಟು ಎಡಗಾಲು. ಅದು ಗೆರೆಗಿಂತ ಒಂದು ಹೆಜ್ಜೆ ಹಿಂದೆ ಬಿತ್ತು. ಒಂಬತ್ತು ಬಲಗಾಲು. ಕೋಲು ಕುಣಿಗೆ ಕೂತಿತು. ಅಣ್ಣ ಅರ್ಧ ಎದ್ದ. ಅಲ್ಲಿ ಅವನ ಮೈ ಕೋಲಿಗೆ ಸಿಕ್ಕು ತಿರುಗಿತು. ಒದ್ದೆ ಬಟ್ಟೆ ಝಾಡಿಸಿದಂತೆ ಕೋಲು ಅವನನ್ನು ಪಕ್ಕಕ್ಕೆ ಎಸೆಯಿತು. ಮರಳಿನ ಆಚೆ, ಗಟ್ಟಿ ನೆಲದ ಮೇಲೆ, ಸೊಂಟ ಕೆಳಗಾಗಿ ಬಿದ್ದ. ಬಿದ್ದ ಸಪ್ಪಳದೊಳಗೇ ಇನ್ನೊಂದು ಸಣ್ಣ ಸಪ್ಪಳ ಕೇಳಿಸಿತು. ಕಬ್ಬು ಮುರಿದಂತೆ.

ಜಮಾದಾರ ಮಾಸ್ತರರು ಮಡಚದ ಕಾಲು ಎಳೆದುಕೊಂಡು ಓಡಿಬಂದರು. ಮೊದಲು ಅವರು ನೋಡಿದ್ದು ಅಣ್ಣನನ್ನಲ್ಲ, ಕುಣಿಯ ಮುಂದಿನ ಕೊನೆಯ ಹೆಜ್ಜೆಯ ಗುರುತನ್ನು. ಬಲಗಾಲಿನ ಗುರುತು. ಅವರ ಬಾಯಿ ತೆರೆಯಿತು. ಅಷ್ಟರಲ್ಲಿ ಅಪ್ಪ ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಯಾರ ಹೇಳಿದ್ರೋ ನಿನಗ..." ಎಂದು ಮಾಸ್ತರರು ಶುರುಮಾಡಿದರು.

"ಯಾರೂ ಹೇಳಿಲ್ರಿ," ಎಂದ ಅಣ್ಣ, ಹಲ್ಲು ಕಚ್ಚಿಕೊಂಡು. "ನನ್ನ ಹೆಜ್ಜಿ ತಪ್ಪಿತ್ರಿ, ಮಾಸ್ತರ."

ತೊಡೆಯ ಎಲುಬು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಕಟ್ಟಿ, ಮೊಟ್ಟೆಯ ಲೇಪ ಹಾಕಿ, ಉಗಾದಿ ತನಕ ಅಲುಗಬಾರದೆಂದ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಅವ್ವ ಅವನ ಬಾಯಿಗೆ ಮುರಿದು ಇಟ್ಟಳು. ನಡುಮನೆಯಲ್ಲೆಲ್ಲ ಲೇಪದ ಕಮಟು ವಾಸನೆ. ನೋಡಲು ಬಂದ ಪ್ರತಿಯೊಬ್ಬರ ಮುಂದೆಯೂ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಬಲಗಾಲ ಮುಂದಿಟ್ಟ ಹೊಂಟಿದ್ದನ್ರಿ. ಒಂಬತ್ತ ಹೆಜ್ಜಿ ಓಡಿದಾ, ನಾನ ಎಣಿಸೇನಿ. ವಿಭೂತಿ ಹಚ್ಚಿದ್ದೆ. ಏನ ಕಡಿಮಿ ಆಗಿತ್ತೋ ತಿಳೀವಲ್ದು." ಬಂದವರು ತಲೆಯಾಡಿಸಿ, "ದೇವರ ಇಚ್ಛಾ ಇರಲಿಲ್ಲ ಬಿಡ್ರಿ," ಎಂದು ಚಹಾ ಕುಡಿದು ಹೋಗುತ್ತಿದ್ದರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅಪ್ಪನ ಆ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ. ಎಲ್ಲವನ್ನೂ ಎಣಿಸುವ ನಾನು ಅದನ್ನು ಮಾತ್ರ ಎಣಿಸಲಿಲ್ಲ.

ಉಗಾದಿಯಾದ ಮೇಲೆ ಅಪ್ಪ ಅಣ್ಣನನ್ನು ಬಂಡಿಯಲ್ಲಿ ಯಮಕನಮರಡಿಗೆ ಕರೆದೊಯ್ದ. ಜಮಾದಾರ ಮಾಸ್ತರರು ಆ ವರ್ಷ ಕುಣಿ ಮುಚ್ಚಿಸಿ ಮತ್ತೆ ತೋಡಿಸಲಿಲ್ಲ. ಮುಂದಿನ ವರ್ಷ ಅವರೇ ಊರು ಬಿಟ್ಟರು. ನಾನು ಶಾಲೆ ಮುಗಿಸಿದೆ, ಅಣ್ಣನ ಪಾಲಿನ ಮ್ಯಾಟ್ರಿಕ್ಕೂ ನನ್ನ ಮೇಲೆಯೇ ಬಿತ್ತು. ಪಾಸಾದ ದಿನ ಮನೆಯಲ್ಲಿ ಯಾರೂ ಜೋರಾಗಿ ಸಂತೋಷಪಡಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಕೊನೆಯ ತನಕವೂ ಅವನಿಗೆ ಕಾರಣ ತಿಳಿಯಲಿಲ್ಲ. ಹೇಳಬಹುದಾದವರು ಇಬ್ಬರಿದ್ದೆವು, ಇಬ್ಬರೂ ಹೇಳಲಿಲ್ಲ. ದಿನಕರ್ಮ ಮುಗಿದ ಮೇಲೆ ನಾನು ಅಣ್ಣನ ಜೊತೆ ಯಮಕನಮರಡಿಗೆ ಹೋದೆ. ರಸ್ತೆಯ ಮೇಲಿನ ಅಂಗಡಿ. ಮೋಟಾರು ಹೋದಾಗಲೆಲ್ಲ ಬೆಲ್ಲದ ಮೇಲಿನ ನೊಣಗಳು ಒಮ್ಮೆ ಎದ್ದು ಮತ್ತೆ ಕೂಡುತ್ತಿದ್ದವು. ಅಣ್ಣ ಗಾದಿಯ ಮೇಲೆ, ಗಿಡ್ಡ ಕಾಲು ಮಡಚಿ ಕೂತಿದ್ದ. ಅವನಿಗೆ ಇನ್ನೂ ಮೂವತ್ತಾಗಿಲ್ಲ. ಗಿರಾಕಿಗಳು ಅವನನ್ನು ಕಾಕಾ ಅನ್ನುತ್ತಾರೆ.

"ಅಣ್ಣಾ," ಎಂದೆ, "ಅವತ್ತ ಕಲ್ಲ ಹಿಂದ ಇಟ್ಟಾಗ ನಿನಗ ಗೊತ್ತಿತ್ತೇನು?"

ಯಾವತ್ತು ಎಂದು ಅವನು ಕೇಳಲಿಲ್ಲ. "ಗೊತ್ತಿತ್ತು."

"ಮತ್ತ ಯಾಕ ಓಡಿದಿ? ಎಂಟಕ್ಕ ಮುಗಸ್ತಿ ಅಂತ ನಾ ತಿಳದಿದ್ದೆ."

ಅವನು ಒಂದು ಹಾಳೆಯ ಪುಡಿಕೆ ಕಟ್ಟಿ, ದಾರ ಸುತ್ತಿ, ಹುಡುಗಿಯೊಬ್ಬಳ ಕೈಗೆ ಕೊಟ್ಟು ಕಳಿಸಿದ.

"ಅಪ್ಪಾ ಎಣಸಾಕತ್ತಿದ್ದಲ್ಲೋ," ಎಂದ. "ಹುಟ್ಟಿದಾಗಿಂದ ಅವ ನನ್ನ ಬೆನ್ನ ಹಿಂದ ಬಂದ ನಿಂತದ್ದ ಅದೊಂದ ಸಲ. ಅವನ ಎಣಿಕಿ ನಡುವ ಹ್ಯಾಂಗ ತಪ್ಪಸ್ಲಿ?"

ಇನ್ನೊಬ್ಬ ಗಿರಾಕಿ ಬಂದ, ಅಣ್ಣ ತಕ್ಕಡಿ ಎತ್ತಿದ.

ಹೋದದ್ದು ಏನೆಂದು ನಾನು ಒಬ್ಬನೇ ಕೂತಾಗ ಲೆಕ್ಕ ಹಾಕುತ್ತೇನೆ. ಶಾಲೆ ಹೋಯಿತು, ಬೆಳಗಾವಿ ಹೋಯಿತು, ಒಂದು ಕಾಲು ಹೋಯಿತು. ಅವೆಲ್ಲ ಯಾರ ಮನೆಯಲ್ಲೂ ಹೋಗುವಂಥವು. ಆ ಎರಡು ತಿಂಗಳು ಮುಂಜಾನೆಯ ಬೆಳಕಿನಲ್ಲಿ ನನ್ನ ಅಣ್ಣ ಅಡ್ಡಗೋಲಿನ ಮೇಲೆ ಹೊಟ್ಟೆ ಮಡಚಿ, ಕೋಲನ್ನು ಹಿಂದಕ್ಕೆ ನೂಕಿ, ಸಪ್ಪಳವಿಲ್ಲದೆ ಆಚೆ ಇಳಿಯುತ್ತಿದ್ದ. ಮಾಸ್ತರರು ನೋಡಿದ್ದರು, ನಾನು ನೋಡಿದ್ದೆ. ಹುಕ್ಕೇರಿಯ ಬಯಲಿನಲ್ಲಿ ಚುರುಮರಿ ಮಾರುವವನು ಕೂಡ ನೋಡಿದ್ದ. ಅಪ್ಪ ಬಂದದ್ದು ಒಂದೇ ಸಲ. ಅವನು ಅದನ್ನು ನೋಡಲಿಲ್ಲ.